ಸಿಗಂದೂರು ಸೇತುವೆ ಆಯ್ತು, ತುಮರಿ ಸೀಮೆಯ ಒಳಊರುಗಳಿಗೆ ಬಸ್ಸು ಯಾವಾಗ? ಜನಗಣತಿಗೂ ಇದಕ್ಕೂ ನೇರ ಸಂಬಂಧ ಇದೆ

ಹಿನ್ನೀರಿನಾಚೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಕರೂರು ಹೋಬಳಿಯವನು. ಊರಲ್ಲೇ ಇದ್ದೇನೆ, ತೋಟ ಮಾಡಿಕೊಂಡಿದ್ದೇನೆ.

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ (ಸಿಗಂದೂರು ಸೇತುವೆ ಅನ್ನುವುದು ಇದನ್ನೇ) ಓಡಾಟಕ್ಕೆ ತೆರೆಯಿತು. 2.44 ಕಿ.ಮೀ. ಉದ್ದ, 16 ಮೀಟರ್ ಅಗಲ, ಸುಮಾರು 470 ಕೋಟಿ ರೂಪಾಯಿ ಖರ್ಚು. ಕೇಬಲ್ ಹಿಡಿದು ನಿಲ್ಲಿಸಿದ ಸೇತುವೆಗಳಲ್ಲಿ ಗುಜರಾತಿನ ಓಖಾ ಬಿಟ್ಟರೆ ದೇಶದಲ್ಲೇ ಇದು ಎರಡನೆಯ ಉದ್ದದ್ದು ಅಂತ ಪತ್ರಿಕೆಗಳೆಲ್ಲ ಬರೆದವು. ಖುಷಿಯ ವಿಷಯವೇ. ಈ ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದಿನಿಂದ ಅರವತ್ತು ವರ್ಷ ನಮ್ಮ ಎರಡು ಹೋಬಳಿಯ ಜನ ಸಾಗರಕ್ಕೆ ಹೋಗಬೇಕಾದರೆ ಹೊಳೆಬಾಗಿಲಿನ ಲಾಂಚ್ (ಜನ, ವಾಹನ ದಾಟಿಸುವ ದೋಣಿ) ಹತ್ತಬೇಕು, ಇಲ್ಲವೇ ಕೋಗಾರ್, ಕಾರ್ಗಲ್ ಮೇಲೆ ಸುಮಾರು 80 ಕಿ.ಮೀ. ಸುತ್ತಬೇಕು. ಕತ್ತಲಾದ ಮೇಲೆ ಲಾಂಚ್ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದೂ ಇಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ ಅಂತ ಯೋಚಿಸಿ ಬಸುರಿಯನ್ನು ತಿಂಗಳು ಮೊದಲೇ ಸಾಗರದ ನೆಂಟರ ಮನೆಗೆ ಕಳಿಸಿಬಿಡುವುದು ನಮ್ಮ ಕಡೆ ರೂಢಿಯೇ ಆಗಿತ್ತು.

ಅದೆಲ್ಲ ಈಗ ತಪ್ಪಿತು. ಆದರೆ ಈ ಚರ್ಚೆ ಶುರು ಮಾಡಿದ್ದು ಬೇರೆ ಕಾರಣಕ್ಕೆ.

ಸೇತುವೆ ಇರುವುದು ರಾಷ್ಟ್ರೀಯ ಹೆದ್ದಾರಿ 369ಇ ಮೇಲೆ. ಹೆದ್ದಾರಿ ಪಕ್ಕ ಮನೆ ಇದ್ದವರಿಗೆ ಎಲ್ಲ ಸರಿಹೋಯಿತು. ನಮ್ಮ ಮನೆಗಳು ಹಾಗೆ ಇಲ್ಲವಲ್ಲ. ತೋಟ ಇದ್ದಲ್ಲಿ ಮನೆ. ಒಂದು ಕೇರಿಯಲ್ಲಿ ನಾಲ್ಕು ಮನೆ, ಗುಡ್ಡ ದಾಟಿದರೆ ಇನ್ನೆರಡು, ಹಳ್ಳದಾಚೆ ಮತ್ತೊಂದು. ಅಲ್ಲಿಂದ ಮುಖ್ಯ ರಸ್ತೆಗೆ ಬರಲು ಮೂರು, ನಾಲ್ಕು, ಕೆಲವು ಕಡೆ ಅದಕ್ಕೂ ಜಾಸ್ತಿ ಕಿಲೋಮೀಟರ್. ಬಸ್ಸು ಕೇಳಿದರೆ ಬರುವ ಉತ್ತರ ಒಂದೇ: ‘ಅಲ್ಲಿ ಜನ ಎಲ್ಲಿದ್ದಾರೆ?’

ಜನ ಯಾಕೆ ಕಡಿಮೆ? ಬಸ್ಸಿಲ್ಲ ಅಂತ ಮಕ್ಕಳನ್ನು ಸಾಗರದ ಹಾಸ್ಟೆಲಿಗೆ ಹಾಕಿದ್ದೇವೆ. ಆಸ್ಪತ್ರೆ ದೂರ ಅಂತ ವಯಸ್ಸಾದವರನ್ನು ಮಗನ ಮನೆಗೆ ಬೆಂಗಳೂರಿಗೆ ಕಳಿಸಿದ್ದೇವೆ. ಈಗ 2027ರ ಜನಗಣತಿ ಬರುತ್ತಿದೆ. ಅದರಲ್ಲಿ ಬರುವ ಸಂಖ್ಯೆಯೇ ಮುಂದಿನ ಹತ್ತು ವರ್ಷಕ್ಕೆ ನಮ್ಮ ರಸ್ತೆ, ಬಸ್ಸು, ಶಾಲೆ ಎಲ್ಲದಕ್ಕೂ ಆಧಾರ. ಇದರ ಬಗ್ಗೆ ತಿಳಿದವರು ದಯವಿಟ್ಟು ಬರೆಯಿರಿ.

ಗಣತಿ ಮೇಷ್ಟ್ರು

ಒಳ್ಳೆಯ ವಿಷಯ ತೆಗೆದಿರಿ. 2011ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲೇ ಗಣತಿ ಕೆಲಸ ಮಾಡಿದವನು ನಾನು, ಹಿನ್ನೀರಿನ ಇನ್ನೊಂದು ಬದಿಯಲ್ಲಿ. ಗೊತ್ತಿರುವುದನ್ನು ಬರೆಯುತ್ತೇನೆ.

ಗಣತಿಯಲ್ಲಿ ‘ಗ್ರಾಮ’ ಅಂದರೆ ಕಂದಾಯ ಗ್ರಾಮ. ಸರ್ವೆ ನಂಬರುಗಳ ಗಡಿ ಇರುವ ಊರು. ನಾವು ಬಾಯಲ್ಲಿ ಊರು ಅನ್ನುವುದು ಮಜರೆ, ಕೇರಿ. ಅದಕ್ಕೆ ಪಟ್ಟಿಯಲ್ಲಿ ಪ್ರತ್ಯೇಕ ಸಾಲು ಇರುವುದಿಲ್ಲ. ಐದಾರು ಮಜರೆ ಸೇರಿ ಒಂದು ಕಂದಾಯ ಗ್ರಾಮ, ಅದಕ್ಕೆ ಒಂದು ಜನಸಂಖ್ಯೆ.

ಜಿಲ್ಲಾ ಜನಗಣತಿ ಕೈಪಿಡಿ ಅಂತ ಬರುತ್ತದೆ. ಅದರ ಗ್ರಾಮ ವಿವರಗಳ ಭಾಗದಲ್ಲಿ ಪ್ರತಿ ಕಂದಾಯ ಗ್ರಾಮಕ್ಕೂ ಶಾಲೆ, ಆಸ್ಪತ್ರೆ, ಅಂಚೆ, ಬಸ್ಸು, ರೈಲು, ಆಟೋ, ಡಾಂಬರು ರಸ್ತೆ ಇದೆಯೋ ಇಲ್ಲವೋ ಅಂತ ನಮೂದಾಗಿರುತ್ತದೆ. ದೋಣಿ, ಫೆರಿ ಸೇವೆಗೂ ಒಂದು ಕಾಲಂ ಇದೆ. ನಿಮ್ಮ ಕಡೆಯ ಊರುಗಳಿಗೆ ಬೇಕಾದ ಕಾಲಂ ಅದು! ಸೌಲಭ್ಯ ಇಲ್ಲದಿದ್ದರೆ ಎಷ್ಟು ದೂರದಲ್ಲಿ ಸಿಗುತ್ತದೆ ಅನ್ನುವುದಕ್ಕೆ ಮೂರು ಗುರುತು: 5 ಕಿ.ಮೀ. ಒಳಗೆ, 5ರಿಂದ 10, ಹತ್ತಕ್ಕೂ ಮೇಲೆ.

ತೊಂದರೆ ಇರುವುದು ಇಲ್ಲೇ. ಗ್ರಾಮದ ಗಡಿಯೊಳಗೆ ಎಲ್ಲೋ ಒಂದು ಕಡೆ ಬಸ್ಸು ನಿಂತರೂ ಆ ಗ್ರಾಮಕ್ಕೆ ‘ಬಸ್ಸು ಇದೆ’ ಅಂತ ದಾಖಲಾಗುತ್ತದೆ. ಗುಡ್ಡದ ಮೇಲಿನ ಕೇರಿಯಿಂದ ಆ ಜಾಗಕ್ಕೆ ನಾಲ್ಕು ಕಿ.ಮೀ. ಇರಬಹುದು, ನಡುವೆ ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳ ಇರಬಹುದು. ಕಾಗದದ ಮೇಲೆ ಅದು ಕಾಣುವುದಿಲ್ಲ. ಬಯಲುಸೀಮೆಯಲ್ಲಿ ಈ ಲೆಕ್ಕ ಸರಿಯಾಗಿಯೇ ಹೊಂದುತ್ತದೆ, ಯಾಕಂದರೆ ಅಲ್ಲಿ ಊರೆಲ್ಲ ಒಂದೇ ಕಡೆ ಇರುತ್ತದೆ. ಮಲೆನಾಡಿಗೆ ಹೊಂದುವುದಿಲ್ಲ.

ಇನ್ನೊಂದು, ನೀವು ಹೇಳಿದ ಹಾಸ್ಟೆಲಿನ ವಿಷಯ. ಇದು ತುಂಬಾ ಮುಖ್ಯ. ವ್ಯಕ್ತಿಯನ್ನು ಎಣಿಸುವುದು ಅವನು ಸಾಮಾನ್ಯವಾಗಿ ವಾಸ ಇರುವ ಜಾಗದಲ್ಲಿ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28. ಅಷ್ಟೂ ದಿನ ಮನೆಯಲ್ಲಿ ಇಲ್ಲದವರನ್ನು ಆ ಮನೆಯ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಹಾಸ್ಟೆಲಿನ ಮಕ್ಕಳು ಹಾಸ್ಟೆಲಿನ ಲೆಕ್ಕಕ್ಕೆ. ಬಸ್ಸಿಲ್ಲ ಅಂತ ನಿಮ್ಮ ಕೇರಿಯ ಹುಡುಗಿ ಸಾಗರದಲ್ಲಿ ಓದುತ್ತಿದ್ದರೆ ಅವಳು ಸಾಗರ ಪಟ್ಟಣದ ಜನಸಂಖ್ಯೆ. ಮುಂದೆ ಯಾರಾದರೂ ‘ಈ ಊರಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನವರು ಎಷ್ಟು’ ಅಂತ ನೋಡಿದರೆ ಅವಳು ಅಲ್ಲಿ ಇಲ್ಲ. ಬಸ್ಸು ಯಾರಿಗೆ ಬೇಕಿತ್ತೋ ಅವರೇ ಪಟ್ಟಿಯಿಂದ ಹೊರಗೆ.

ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ದೇಶಕ್ಕೆಲ್ಲ ಒಂದೇ ನಿಯಮ ಬೇಕು, ಇಲ್ಲದಿದ್ದರೆ ಒಬ್ಬರನ್ನೇ ಎರಡು ಸಲ ಎಣಿಸಬೇಕಾಗುತ್ತದೆ. ಆದರೆ ಆ ಸಂಖ್ಯೆಯೊಂದನ್ನೇ ಹಿಡಿದು ಬಸ್ಸು ಬೇಡ ಅನ್ನುವುದು ಖಂಡಿತ ತಪ್ಪು.

ಗದಗಿನವ

ಮೇಷ್ಟ್ರು ಬರೆದದ್ದು ಓದಿ ನಮ್ಮ ಕಡೆಗೂ ನಿಮ್ಮ ಕಡೆಗೂ ಎಷ್ಟು ವ್ಯತ್ಯಾಸ ಅನ್ನಿಸಿತು. ನಮ್ಮಲ್ಲಿ ಊರು ಅಂದರೆ ಅಗಸಿ ಬಾಗಿಲು ದಾಟಿದ ಕೂಡಲೇ ಮನೆಗೆ ಮನೆ ಹತ್ತಿಕೊಂಡಿರುತ್ತವೆ. ಸುತ್ತ ಹೊಲ. ಬಸ್ಸು ಬಂದು ನಿಂತರೆ ಇಡೀ ಊರಿಗೆ ಬಂದ ಹಾಗೆ. ಮನೆಯಿಂದ ಬಸ್ ನಿಲ್ದಾಣಕ್ಕೆ ಹತ್ತು ನಿಮಿಷ.

ಒಂದು ಸಂಶಯ. ಕೇಂದ್ರದ ಗ್ರಾಮ ಸಡಕ್ ಯೋಜನೆಯಲ್ಲಿ ಸಣ್ಣ ಜನವಸತಿಗೂ ರಸ್ತೆ ಕೊಡುತ್ತಾರೆ ಅಂತ ಕೇಳಿದ್ದೆ. ಅದರಲ್ಲಿ ನಿಮ್ಮ ಮಜರೆಗಳು ಬರುವುದಿಲ್ಲವೇ?

ಗಣತಿ ಮೇಷ್ಟ್ರು

@ಗದಗಿನವ, ಒಳ್ಳೆಯ ಪ್ರಶ್ನೆ ಸರ್. ಆ ಯೋಜನೆ ಶುರುವಾದದ್ದು 2000ದ ಡಿಸೆಂಬರ್ 25ಕ್ಕೆ. ಅದರಲ್ಲಿ ಕಂದಾಯ ಗ್ರಾಮದ ಬದಲು ಜನವಸತಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅದು ಒಳ್ಳೆಯದೇ. ಆದರೆ ಬಯಲು ಪ್ರದೇಶದಲ್ಲಿ ಒಂದು ಜನವಸತಿಗೆ 500 ಜನ ಇರಬೇಕು. ಗುಡ್ಡಗಾಡು ರಾಜ್ಯ, ಮರುಭೂಮಿ, ಬುಡಕಟ್ಟು ಪ್ರದೇಶಗಳಿಗೆ 250 ಸಾಕು. ಈ ಗುಡ್ಡಗಾಡು ಅಂದರೆ ಹಿಮಾಚಲ, ಉತ್ತರಾಖಂಡ, ಈಶಾನ್ಯ ರಾಜ್ಯಗಳು ಮುಂತಾದವು. ನಮ್ಮ ಪಶ್ಚಿಮ ಘಟ್ಟ ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಮಲೆನಾಡಿಗೆ 500ರ ನಿಯಮವೇ.

ಅಕ್ಕಪಕ್ಕದ ಜನವಸತಿಗಳನ್ನು ಸೇರಿಸಿ ಲೆಕ್ಕ ಹಾಕಲು ಅವಕಾಶ ಇದೆ. ಬಯಲಲ್ಲಿ ಸುತ್ತ 500 ಮೀಟರ್ ದೂರದೊಳಗೆ ಇದ್ದರೆ ಸೇರಿಸಬಹುದು. ಗುಡ್ಡಗಾಡಿನಲ್ಲಿ ಆದರೆ ಕಾಲುದಾರಿಯ ದೂರ 1.5 ಕಿ.ಮೀ. ತನಕ. ನಮಗೆ 500 ಮೀಟರ್. ಕರೂರು ಹೋಬಳಿಯಲ್ಲಿ 500 ಮೀಟರ್ ಒಳಗೆ 500 ಜನ ಎಲ್ಲಿ ಸಿಗುತ್ತಾರೆ ಹೇಳಿ. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕ ನಾಲ್ಕನೇ ಹಂತದಲ್ಲೂ ಇದೇ ಮಿತಿ, ಅದಕ್ಕೆ ಆಧಾರ 2011ರ ಜನಗಣತಿ.

ಮಳೆ ಸುರಿಯುವುದು, ಗುಡ್ಡ ಕುಸಿಯುವುದು, ಹಳ್ಳ ತುಂಬುವುದು ಎಲ್ಲ ಗುಡ್ಡಗಾಡಿನ ಹಾಗೇ. ಲೆಕ್ಕ ಮಾತ್ರ ಬಯಲಿನದ್ದು. ನಮ್ಮ ಜನಪ್ರತಿನಿಧಿಗಳು ದೆಹಲಿಯಲ್ಲಿ ಕೇಳಬೇಕಾದ ಮೊದಲ ವಿಷಯ ಇದು ಅಂತ ನನ್ನ ಅಭಿಪ್ರಾಯ.

ಮಂಡಿ ವ್ಯವಹಾರ

ಚರ್ಚೆ ಚೆನ್ನಾಗಿದೆ. ಆದರೆ ಬಸ್ಸಿಲ್ಲದ್ದಕ್ಕೇ ಜನ ಊರು ಬಿಟ್ಟರು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಚಿಕ್ಕಮಗಳೂರು ಜಿಲ್ಲೆ ನೋಡಿ. 2001ರಲ್ಲಿ 11,40,905 ಜನ ಇದ್ದರು, 2011ರಲ್ಲಿ 11,37,961. ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿದ ಹತ್ತು ವರ್ಷದಲ್ಲಿ ಆ ಜಿಲ್ಲೆಯ ಜನಸಂಖ್ಯೆ ಇಳಿಯಿತು. ಕೊಡಗಿನಲ್ಲಿ ಏರಿಕೆ ಶೇ 1ರಷ್ಟು ಮಾತ್ರ. ನಮ್ಮ ಶಿವಮೊಗ್ಗ ಶೇ 6.7. ಚಿಕ್ಕಮಗಳೂರು, ಕೊಡಗಿನ ಹೆಚ್ಚಿನ ಊರುಗಳಿಗೆ ಹಿನ್ನೀರೂ ಅಡ್ಡ ಇಲ್ಲ, ಲಾಂಚೂ ಬೇಕಿಲ್ಲ. ಬಸ್ಸು ಓಡುವ ಊರುಗಳಿಂದಲೂ ಜನ ಹೋಗಿದ್ದಾರೆ. ಓದಿದವರಿಗೆ ಊರಲ್ಲಿ ಕೆಲಸ ಇಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ. ಮನೆಯಲ್ಲಿ ಇರುವುದೇ ಒಬ್ಬ, ಇಬ್ಬರು ಮಕ್ಕಳು.

ನಿಮ್ಮ ಸೀಮೆಯಲ್ಲಿ ಇದೆಲ್ಲಕ್ಕಿಂತ ದೊಡ್ಡದು ಜಮೀನಿನ ಹಕ್ಕು. ಮುಳುಗಡೆಯಾದವರಿಗೆ ಎಲ್ಲಿ ಹೋಗಿ ನೆಲೆಸಿ ಅಂದರೋ ಆ ಜಾಗ ಎಷ್ಟೋ ಕಡೆ ದಾಖಲೆಯಲ್ಲಿ ಇನ್ನೂ ಅರಣ್ಯವೇ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಅದನ್ನು ಬಿಡಿಸಿಕೊಡಲು ಬರುವುದಿಲ್ಲ. ಪಹಣಿ ಇಲ್ಲದ ಜಮೀನಿಗೆ ಸಾಲ ಇಲ್ಲ, ಬೆಳೆ ವಿಮೆ ಇಲ್ಲ. ಮಗ ಯಾವ ಧೈರ್ಯದ ಮೇಲೆ ಊರಲ್ಲಿ ಉಳಿಯುತ್ತಾನೆ?

ಹಿನ್ನೀರಿನಾಚೆ

@ಮಂಡಿ ವ್ಯವಹಾರ, ಹಕ್ಕಿನ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಜಮೀನು ಕಳೆದುಕೊಂಡವರ ಮೂರನೇ ತಲೆಮಾರು ಈಗ ಕಚೇರಿ ಅಲೆಯುತ್ತಿದೆ. 1948ರಲ್ಲಿ ಜೋಗದಲ್ಲಿ ಕರೆಂಟು ಹುಟ್ಟಿತು. ಅದಕ್ಕೆ ನೀರು ನಿಲ್ಲಿಸಿದ ಹಿರೇಭಾಸ್ಕರದ ಕಟ್ಟೆಗೇ ಒಂದಷ್ಟು ಊರು ಹೋಗಿದ್ದವು. ಲಿಂಗನಮಕ್ಕಿ ಬಂದಾಗ ಆ ಕಟ್ಟೆಯೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಡೆನೂರು ಹತ್ತಿರ ಇವತ್ತಿಗೂ ಅದು ಮೇಲೆ ಕಾಣುತ್ತದೆ. 1,819 ಅಡಿಯವರೆಗೆ ನಿಲ್ಲುವ ಈ ನೀರಿನಿಂದ ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್ ಮಾಡುತ್ತದೆ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಊರುಗಳು ಇವು. ಅದಕ್ಕೇ ಬಸ್ಸು ಕೇಳುವಾಗ ನಮಗೆ ಸಂಕೋಚ ಇಲ್ಲ.

ಆದರೆ ಒಂದು ಮಾತು. ಹಕ್ಕುಪತ್ರ ಕೋರ್ಟು, ಕೇಂದ್ರ ಅಂತ ಸುತ್ತಬೇಕು, ಎಷ್ಟು ವರ್ಷ ಹಿಡಿಯುತ್ತದೋ ಗೊತ್ತಿಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ಸಣ್ಣ ಬಸ್ಸು ಜಿಲ್ಲೆಯಲ್ಲೇ ತೀರ್ಮಾನ ಆಗುವ ವಿಷಯ. ಕೆಲಸಕ್ಕೆ ಬೆಂಗಳೂರಿಗೆ ಹೋಗುವವನನ್ನು ಬಸ್ಸು ತಡೆಯುವುದಿಲ್ಲ, ಒಪ್ಪಿದೆ. ಹೈಸ್ಕೂಲು ಮುಗಿಸಿದ ಹದಿನಾರು ವರ್ಷದ ಹುಡುಗಿಯನ್ನು ಮನೆಯಲ್ಲಿ ಉಳಿಸುತ್ತದೆ. ಅವಳ ತಮ್ಮನನ್ನೂ ಉಳಿಸುತ್ತದೆ. ನಾನು ಹೇಳುತ್ತಿರುವುದು ಅಷ್ಟು.

ಬ್ಯಾಕೋಡು ಕಡೆಯವಳು

ಆ ಹದಿನಾರು ವರ್ಷದ ಹುಡುಗಿ ಅಂದಿರಲ್ಲ ಅಣ್ಣ, ಅದು ನಾನೇ ಅಂದುಕೊಳ್ಳಿ. ಈಗ ಡಿಗ್ರಿ ಮುಗಿದಿದೆ, ಊರಿಗೆ ವಾಪಸ್ ಬಂದಿದ್ದೇನೆ.

ಲಾಂಚಿನ ಕಾಲದಲ್ಲಿ ವಾರಕ್ಕೊಮ್ಮೆ ಹಾಸ್ಟೆಲಿನಿಂದ ಮನೆಗೆ ಬರುವುದೇ ಒಂದು ದೊಡ್ಡ ಕೆಲಸ. ಶನಿವಾರ ಅಂದರೆ ಸಿಗಂದೂರಿಗೆ ಬರುವ ಭಕ್ತರ ಕಾರುಗಳು ಹೊಳೆಬಾಗಿಲಿನಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದವು. ಲಾಂಚ್ ದಡಕ್ಕೆ ತಾಗಿದ ಕೂಡಲೇ ಮುಂದಿನ ಕಬ್ಬಿಣದ ಹಲಗೆ ಇಳಿಸುತ್ತಿದ್ದರು. ಮೊದಲು ಬಸ್ಸು, ಆಮೇಲೆ ಕಾರು, ಸಂದಿಯಲ್ಲಿ ಬೈಕು. ನಾವು ಎರಡು ಕಾರಿನ ನಡುವೆ ಬ್ಯಾಗು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆವು. ಇಂಜಿನ್ನಿನ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಆಚೆ ದಡದಲ್ಲಿ ಇಳಿದು ಊರಿನ ಕಡೆಯ ಬಸ್ಸು ಹೋಗಿಬಿಟ್ಟಿದೆಯಾ ಇದೆಯಾ ಅಂತ ಓಡಬೇಕು. ಹೋಗಿದ್ದರೆ ಅಪ್ಪನಿಗೆ ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ.

ಸೇತುವೆ ಆದಮೇಲೆ ಸಾಗರದಿಂದ ಬರುವುದು ನಿಜವಾಗಲೂ ಸುಲಭ ಆಗಿದೆ. ಆದರೆ ಕೊನೆಯ ನಾಲ್ಕು ಕಿ.ಮೀ. ಹಾಗೇ ಇದೆ. ಸಂಜೆ ಇಳಿದರೆ ಯಾರಾದರೂ ಬೈಕು ತರಬೇಕು, ಇಲ್ಲ ಆಟೋ. ಆಟೋಗೆ ಕೊಡುವ ದುಡ್ಡು ಸಾಗರದಿಂದ ಬಂದ ಬಸ್ ಚಾರ್ಜಿಗಿಂತ ಜಾಸ್ತಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮೈಸೂರು ಕಡೆಯ ನನ್ನ ಗೆಳತಿ ಅದರಿಂದಲೇ ದಿನಾ ಊರಿನಿಂದ ಓಡಾಡಿ ಎಂ.ಎ. ಮಾಡಿದಳು. ಮಲೆನಾಡಿನಲ್ಲಿ ಜಾಸ್ತಿ ಓಡುವುದು ಖಾಸಗಿ ಬಸ್ಸು. ಅದರಲ್ಲಿ ಪೂರ್ತಿ ಟಿಕೆಟ್. ಯೋಜನೆ ರಾಜ್ಯಕ್ಕೆಲ್ಲ ಒಂದೇ, ಆದರೆ ಸರ್ಕಾರಿ ಬಸ್ಸೇ ಬರದ ಊರಿನ ಹೆಂಗಸಿಗೆ ಅದು ಸಿಗುವುದಿಲ್ಲ. ಕೂಲಿಗೆ ಹೋಗುವವರಿಗೆ ಇದು ಸಣ್ಣ ದುಡ್ಡಲ್ಲ.

ಹಳೇ ನಿರ್ವಾಹಕ

ತಂಗೀ, ಸರಿಯಾಗಿ ಹೇಳಿದಿ. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಈಗ ನಿವೃತ್ತಿ. ಒಳಗಿನ ಲೆಕ್ಕ ಹೇಗೆ ಅಂತ ಹೇಳುತ್ತೇನೆ, ಕೇಳುವವರಿಗೆ ಉಪಯೋಗ ಆಗಬಹುದು.

ಡಿಪೋದಲ್ಲಿ ಒಂದು ರೂಟು ಉಳಿಯುವುದು, ಹೋಗುವುದು ಎಲ್ಲ ಇ.ಪಿ.ಕೆ.ಎಂ. ಮೇಲೆ. ಒಂದು ಕಿಲೋಮೀಟರ್ ಓಡಿದ್ದಕ್ಕೆ ಎಷ್ಟು ಗಳಿಕೆ ಅನ್ನುವ ಲೆಕ್ಕ. ಹಳ್ಳಿ ರೂಟಿನಲ್ಲಿ ಅದು ಯಾವಾಗಲೂ ಕಡಿಮೆ. ಬೆಳಗ್ಗೆ ಹೋಗುವಾಗ ಬಸ್ಸು ತುಂಬಿ ಬಾಗಿಲಲ್ಲಿ ಹುಡುಗರು ನೇತಾಡುತ್ತಿರುತ್ತಾರೆ, ಆದರೆ ಕೈಯಲ್ಲಿ ಕಲೆಕ್ಷನ್ ಇಲ್ಲ, ಎಲ್ಲ ಪಾಸು. ವಾಪಸ್ ಬರುವಾಗ ಖಾಲಿ. ರಾತ್ರಿ ಹಳ್ಳಿಯಲ್ಲೇ ಉಳಿಯುವ ಹಾಲ್ಟ್ ಬಸ್ಸು ಎಲ್ಲಕ್ಕಿಂತ ಮೊದಲು ರದ್ದಾಗುತ್ತದೆ. ಡ್ರೈವರ್, ಕಂಡಕ್ಟರ್ ಮಲಗಲು ಜಾಗ ಬೇಕು, ಊಟ ಬೇಕು, ಶೌಚಾಲಯ ಬೇಕು. ಊರವರು ಅದನ್ನು ನೋಡಿಕೊಂಡ ಕಡೆ ಹಾಲ್ಟ್ ಬಸ್ಸು ವರ್ಷಗಟ್ಟಲೆ ನಡೆದಿದೆ. ಒಂದೂರಿನಲ್ಲಿ ಶಾಲೆಯ ಜಗುಲಿಯ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದರು. ಮಳೆಗಾಲದಲ್ಲಿ ಒಲೆ ಮೇಲೆ ಬಿಸಿನೀರು ಇಟ್ಟಿರುತ್ತಿದ್ದರು. ಅಂಥ ರೂಟಿಗೆ ನಾವೇ ಕೇಳಿ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದೆವು.

ಶಕ್ತಿ ಬಂದ ಮೇಲೆ ಒಂದು ಒಳ್ಳೆಯ ಬದಲಾವಣೆ ಆಗಿದೆ. ಹೆಂಗಸರಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ. ಅದರ ದುಡ್ಡನ್ನು ಸರ್ಕಾರ ನಿಗಮಕ್ಕೆ ಕೊಡಬೇಕು, ಹಾಗಾಗಿ ಪ್ರತಿ ಶೂನ್ಯ ಟಿಕೆಟ್ಟೂ ಲೆಕ್ಕಕ್ಕೆ ಬರುತ್ತದೆ. ಹೆಂಗಸರು ಸರ್ಕಾರಿ ಬಸ್ಸು ಹತ್ತಿದರೆ ‘ಹೇಗೂ ಫ್ರೀ’ ಅಂತ ಸುಮ್ನೆ ಕೂರಬೇಡಿ. ಟಿಕೆಟ್ ಕೇಳಿ ತೆಗೆದುಕೊಳ್ಳಿ. ನಿಮ್ಮ ರೂಟಿನಲ್ಲಿ ಜನ ಇದ್ದಾರೆ ಅನ್ನುವುದಕ್ಕೆ ಅದೇ ಸಾಕ್ಷಿ.

ಗದಗಿನವ

ಇದು ನನಗೂ ಗೊತ್ತಿರಲಿಲ್ಲ ಹಿರಿಯರೇ. ನಮ್ಮ ಮನೆಯಲ್ಲಿ ಇವತ್ತೇ ಹೇಳುತ್ತೇನೆ.

ಬೈಂದೂರು

ಘಟ್ಟದ ಕೆಳಗಿನಿಂದ ಒಂದು ಮಾತು. ಸೇತುವೆ ಆದಮೇಲೆ ಕೊಲ್ಲೂರು, ಸಿಗಂದೂರು, ಜೋಗ ಮೂರನ್ನೂ ಒಂದೇ ದಿನ ಸುತ್ತುವ ಗಾಡಿಗಳು ವಿಪರೀತ. ನಮ್ಮ ಮೂಕಾಂಬಿಕಾ ರೋಡ್ ಬೈಂದೂರು ಸ್ಟೇಷನ್ನಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದು ಘಟ್ಟ ಹತ್ತುವವರೂ ಇದ್ದಾರೆ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಲು ಶುರುವಾದ ಮೇಲೆ ಕೊಲ್ಲೂರಿನ ಚಹರೆಯೇ ಬದಲಾಯಿತು, ನಾವು ಕಣ್ಣಾರೆ ಕಂಡಿದ್ದೇವೆ. ಲಾಡ್ಜುಗಳು ಬಂದವು, ಹೋಟೆಲು ಬಂದವು. ಆದರೆ ಕೊಲ್ಲೂರಿನ ಸುತ್ತ ಕಾಡಂಚಿನ ಮನೆಗಳ ಮಕ್ಕಳು ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗುವುದು ತಪ್ಪಲಿಲ್ಲ. ಅಡಿಕೆ ಮರದ ದಬ್ಬೆ ಕಟ್ಟಿದ ಸಂಕ, ಕೆಳಗೆ ಕೆಂಪು ನೀರು ಅಬ್ಬರಿಸಿಕೊಂಡು ಹೋಗುತ್ತಿರುತ್ತದೆ. ಮಗುವನ್ನು ದಾಟಿಸಿ ಕಳಿಸಿದ ತಾಯಿ ಸಂಜೆ ಅದು ಮನೆ ಸೇರುವ ತನಕ ಮಳೆ ನೋಡುತ್ತಾ ಕೂರುತ್ತಾಳೆ.

ಪ್ರವಾಸಿಗರ ಲೆಕ್ಕದಲ್ಲಿ ಬಸ್ಸು ಬಂದರೆ ಅದು ದೇವಸ್ಥಾನದಿಂದ ದೇವಸ್ಥಾನಕ್ಕೆ ಓಡುತ್ತದೆ, ಮಧ್ಯದ ಕೇರಿಗಳಲ್ಲಿ ನಿಲ್ಲುವುದಿಲ್ಲ. ಹೊರಡುವ ಸಮಯವೂ ಶಾಲೆಯ ಗಂಟೆಗೆ ಹೊಂದುವುದಿಲ್ಲ. ಪರ್ಮಿಟ್ ಕೊಡುವಾಗಲೇ ನಿಲ್ದಾಣ, ಸಮಯ ಎರಡನ್ನೂ ಬರೆಸಿಕೊಳ್ಳಿ ಮಾರಾಯ್ರೆ. ಆಮೇಲೆ ಕೇಳಿದರೆ ಆಗುವುದಿಲ್ಲ.

ಮಂಡಿ ವ್ಯವಹಾರ

ಬೈಂದೂರಿನವರು ಹೇಳಿದ್ದು ಗಮನಿಸಬೇಕಾದ ವಿಷಯ. ಸ್ಟೇಜ್ ಕ್ಯಾರೇಜ್ ಪರ್ಮಿಟ್ (ದಾರಿಯಲ್ಲಿ ಜನ ಹತ್ತಿಸಿ ಇಳಿಸುವ ಪರವಾನಗಿ) ಕೊಡುವುದು ಜಿಲ್ಲೆಯ ಸಾರಿಗೆ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಅದರ ಸಭೆಗೆ ನೇರ ಅರ್ಜಿ ಕೊಡಬಹುದು. ಎಂ.ಎಲ್.ಎ. ಮನೆ ಬಾಗಿಲಿಗೆ ಹೋಗುವ ನಾವು ಅಲ್ಲಿಗೆ ಹೋಗುವುದೇ ಇಲ್ಲ.

ಇನ್ನೂ ಒಂದು. ದೊಡ್ಡ ಬಸ್ಸೇ ಬೇಕು ಅಂತ ಹಟ ಹಿಡಿಯಬೇಡಿ. ನಿಮ್ಮ ರಸ್ತೆಯ ತಿರುವುಗಳಲ್ಲಿ ಅದು ತಿರುಗುವುದೂ ಕಷ್ಟ, ತುಂಬುವುದೂ ಕಷ್ಟ. ಈಗ ಎಷ್ಟೋ ಕಡೆ ಮ್ಯಾಕ್ಸಿಕ್ಯಾಬುಗಳೇ ಬಸ್ಸಿನ ಕೆಲಸ ಮಾಡುತ್ತಿವೆ. ಆದರೆ ಹನ್ನೆರಡು ಸೀಟಿನ ಆ ಗಾಡಿಗೆ ಕಾನೂನಿನ ಪ್ರಕಾರ ದಾರಿಯಲ್ಲಿ ಜನ ಹತ್ತಿಸಿ ಇಳಿಸುವ ಪರವಾನಗಿ ಇರುವುದಿಲ್ಲ. ಅಪಘಾತ ಆದರೆ ವಿಮೆಯ ರಗಳೆ ಬೇರೆ. ಸಣ್ಣ ಗಾಡಿಗೇ ಸ್ಟೇಜ್ ಕ್ಯಾರೇಜ್ ಪರ್ಮಿಟ್ ಕೇಳಿ, ಬೆಳಗ್ಗೆ ಮತ್ತು ಸಂಜೆ. ಅದು ನಡೆಯುವಂಥ ಬೇಡಿಕೆ.

ಬ್ಯಾಕೋಡು ಕಡೆಯವಳು

ಆಸ್ಪತ್ರೆಯ ಬಗ್ಗೆಯೂ ಬರೆಯಬೇಕು ಅನ್ನಿಸಿತು. ತುಮರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ. ಅದಕ್ಕಿಂತ ಹೆಚ್ಚಿನದ್ದು ಬೇಕಾದರೆ ಸಾಗರ, ಅದಕ್ಕೂ ಮೇಲೆ ಶಿವಮೊಗ್ಗ ಅಥವಾ ಮಣಿಪಾಲ. 2018–19ರಲ್ಲಿ ಅರಳಗೋಡು ಕಡೆ ಮಂಗನ ಕಾಯಿಲೆ ಬಂದಾಗ ಜ್ವರ ಬಂದವರನ್ನು ಎಷ್ಟು ದೂರ ಒಯ್ಯಬೇಕಾಯಿತು ಅಂತ ನಮ್ಮ ತಾಲ್ಲೂಕಿನವರಿಗೆಲ್ಲ ನೆನಪಿದೆ.

ಈಗ ರಾತ್ರಿಯೂ ಆಂಬುಲೆನ್ಸ್ ಸೇತುವೆ ದಾಟಬಹುದು. ಇದು ಎಷ್ಟು ದೊಡ್ಡ ವಿಷಯ ಅಂತ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ನಮ್ಮ ದೊಡ್ಡಪ್ಪನಿಗೆ ಎದೆನೋವು ಬಂದದ್ದು ಕೊನೆಯ ಲಾಂಚ್ ಹೋದ ಮೇಲೆ. ಜೀಪಿನಲ್ಲಿ ಕಾರ್ಗಲ್ ಸುತ್ತಿ ಹೋಗುವಷ್ಟರಲ್ಲಿ ತಡವಾಗಿತ್ತು. ಅವರು ಉಳಿಯಲಿಲ್ಲ. ಯಾರ ತಪ್ಪೂ ಅಲ್ಲ ಅದು, ದಾರಿ ಇರಲಿಲ್ಲ ಅಷ್ಟೇ.

ಆದರೆ ಮನೆಯ ತನಕ ಗಾಡಿ ಬಾರದ ಕೇರಿಗಳಲ್ಲಿ ಇವತ್ತಿಗೂ ರೋಗಿಯನ್ನು ಕುರ್ಚಿಗೆ ಕೂರಿಸಿ ಮುಖ್ಯ ರಸ್ತೆಗೆ ಹೊತ್ತು ತರುತ್ತಾರೆ. ಹೊರಲು ನಾಲ್ಕು ಜನ ಗಂಡಸರು ಬೇಕು. ಈಗ ಎಷ್ಟೋ ಕೇರಿಗಳಲ್ಲಿ ಆ ನಾಲ್ಕು ಜನವೇ ಇಲ್ಲ. ಜನಸಂಖ್ಯೆ ಕಡಿಮೆ ಆಗುವುದು ಅಂದರೆ ನಮಗೆ ಹೀಗೆ ಗೊತ್ತಾಗುತ್ತದೆ.

ಗಣತಿ ಮೇಷ್ಟ್ರು

ನಿಮ್ಮ ಕೊನೆಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ ತಂಗಿ.

ಈಗ ಮಾಡಬಹುದಾದ ಕೆಲಸದ ಬಗ್ಗೆ ಹೇಳುತ್ತೇನೆ. 2027ರ ಗಣತಿಗೆ ಆಧಾರ ದಿನ ಮಾರ್ಚ್ 1. ಜನರ ಎಣಿಕೆ ಅದಕ್ಕೂ ಮೊದಲು ಫೆಬ್ರವರಿಯಲ್ಲಿ. ಮನೆಪಟ್ಟಿಯ ಹಂತಕ್ಕೆ ಇಟ್ಟಿರುವ ಸಮಯ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್. ಈ ಸಲ ಎಲ್ಲ ಮೊಬೈಲ್ ಆ್ಯಪ್‌ನಲ್ಲಿ, ಮನೆಯವರೇ ವಿವರ ತುಂಬುವ ಅವಕಾಶವೂ ಇದೆ. ನೆಟ್‌ವರ್ಕ್ ಸರಿ ಇಲ್ಲದ ಕಡೆ ಗಣತಿದಾರರು ಬರುವ ದಿನ ಮನೆಯಲ್ಲಿ ಯಾರಾದರೂ ಇರುವುದೇ ಒಳ್ಳೆಯದು.

ನಾನು ಎಣಿಸಲು ಹೋದಾಗ ಆದ ಅನುಭವ ಹೇಳುತ್ತೇನೆ. ಕೈಯಲ್ಲಿ ನಕ್ಷೆ ಇರುತ್ತಿತ್ತು, ನಾವೇ ಬರೆದದ್ದು. ರಸ್ತೆ, ದೇವಸ್ಥಾನ, ಶಾಲೆ, ಮನೆಗೊಂದು ಚೌಕ. ತೋಟದ ಒಳಗಿನ ಮನೆಗಳು ರಸ್ತೆಯಿಂದ ಕಾಣುವುದೇ ಇಲ್ಲ. ಕಾಲುದಾರಿ ಮುಗಿಯಿತು ಅಂತ ವಾಪಸ್ ಹೊರಟರೆ ನಾಯಿ ಬೊಗಳುವುದು ಕೇಳುತ್ತದೆ, ಇನ್ನೊಂದು ಮನೆ ಇದೆ ಅಂತ ಆಗ ಗೊತ್ತಾಗುತ್ತದೆ. ದಾರಿ ತೋರಿಸಲು ಊರಿನ ಹುಡುಗ ಒಬ್ಬ ಜೊತೆಗಿದ್ದರೆ ಒಂದು ಮನೆಯೂ ತಪ್ಪುವುದಿಲ್ಲ. ಗಣತಿದಾರರು ಬಂದಾಗ ಪ್ರತಿ ಕೇರಿಯಿಂದ ಒಬ್ಬರು ಅವರ ಜೊತೆ ನಡೆಯಿರಿ. ಇದು ದೊಡ್ಡ ಸಹಾಯ.

ಊರಲ್ಲಿ ಇಲ್ಲದವರ ಹೆಸರು ಮಾತ್ರ ಸೇರಿಸಬೇಡಿ. ಅದು ತಪ್ಪು, ಅದರಿಂದ ಲಾಭವೂ ಇಲ್ಲ. ಬದಲಿಗೆ ಗ್ರಾಮ ಪಂಚಾಯಿತಿಯಲ್ಲಿ ನಿಮ್ಮದೇ ಒಂದು ಪಟ್ಟಿ ಇರಲಿ. ಯಾವ ಮಜರೆ, ಎಷ್ಟು ಮನೆ, ಮುಖ್ಯ ರಸ್ತೆಗೆ ಎಷ್ಟು ದೂರ, ನಡುವೆ ಹಳ್ಳ ಇದೆಯಾ, ಮಳೆಗಾಲದಲ್ಲಿ ಗಾಡಿ ಹೋಗುತ್ತದಾ, ಓದಲು ಹೊರಗೆ ಇರುವ ಮಕ್ಕಳು ಎಷ್ಟು, ಅದರಲ್ಲಿ ಬಸ್ಸು ಇದ್ದರೆ ಮನೆಯಿಂದಲೇ ಹೋಗುವವರು ಎಷ್ಟು. ಈ ಕೊನೆಯ ಎರಡು ಸಂಖ್ಯೆ ಯಾವ ಗಣತಿಯಲ್ಲೂ ಸಿಗುವುದಿಲ್ಲ. ಅದನ್ನು ನೀವೇ ಬರೆಯಬೇಕು.

ಹಳೇ ನಿರ್ವಾಹಕ

ಆ ಪಟ್ಟಿಗೆ ಇದನ್ನೂ ಸೇರಿಸಿ: ಬಸ್ಸು ತಿರುಗಿಸಲು ಜಾಗ ಎಲ್ಲಿದೆ, ರಾತ್ರಿ ಉಳಿಯಲು ಕೋಣೆ ಯಾರು ಕೊಡುತ್ತಾರೆ. ಅಧಿಕಾರಿಗಳು ಸರ್ವೆಗೆ ಬಂದಾಗ ಮೊದಲು ಕೇಳುವ ಪ್ರಶ್ನೆ ಇವೇ. ಉತ್ತರ ಮೊದಲೇ ಕಾಗದದಲ್ಲಿ ಇದ್ದರೆ ಅರ್ಧ ಕೆಲಸ ಆದ ಹಾಗೆ.

ಹಿನ್ನೀರಿನಾಚೆ

ಎಲ್ಲರಿಗೂ ಧನ್ಯವಾದ. ಇಷ್ಟು ವಿಷಯ ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆ ಗ್ರಾಮಸಭೆ ಆಗಲೇಬೇಕು, ಅದಕ್ಕೆ ಮೊದಲು ವಾರ್ಡ್ ಸಭೆ. ನಮ್ಮ ವಾರ್ಡಿನಲ್ಲಿ ಈ ಪಟ್ಟಿಯನ್ನು ಓದಿಸಿ ನಡಾವಳಿಯಲ್ಲಿ ಬರೆಸುತ್ತೇವೆ. ತುಮರಿ, ಕುದರೂರು, ಚನ್ನಗೊಂಡ ಪಂಚಾಯಿತಿಗಳ ಗೆಳೆಯರಿಗೂ ಈ ಚರ್ಚೆ ಕಳಿಸಿದ್ದೇನೆ. ಮೂರ್ನಾಲ್ಕು ಪಂಚಾಯಿತಿಯ ನಡಾವಳಿ ಒಟ್ಟಿಗೆ ಹಿಡಿದುಕೊಂಡು ಹೋದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ‘ಅಲ್ಲಿ ಜನ ಎಲ್ಲಿದ್ದಾರೆ’ ಅನ್ನುವ ಪ್ರಶ್ನೆಗೆ ಹೆಸರು ಸಮೇತ ಉತ್ತರ ಕೊಡಬಹುದು.

ಹಿನ್ನೀರಿನ ಬೇರೆ ಲಾಂಚ್ ಜಾಗಗಳಾದ ಹಸಿರುಮಕ್ಕಿ, ಮುಪ್ಪಾನೆ ಕಡೆಯವರು ಯಾರಾದರೂ ಇಲ್ಲಿ ಇದ್ದರೆ ನಿಮ್ಮ ಕಡೆಯ ಸ್ಥಿತಿಯನ್ನೂ ಬರೆಯಿರಿ. ನಮಗೆ ಸೇತುವೆ ಆಯಿತು ಅಂತ ನಿಮ್ಮನ್ನು ಬಿಟ್ಟು ಮುಂದೆ ಹೋಗುವುದು ಸರಿ ಅಲ್ಲ. ಬಸ್ಸಿನ ಬೇಡಿಕೆಯನ್ನು ಹಿನ್ನೀರಿನ ಸುತ್ತಲಿನವರೆಲ್ಲ ಸೇರಿಯೇ ಇಡೋಣ.

ಬ್ಯಾಕೋಡು ಕಡೆಯವಳು

ಅಣ್ಣ, ನಮ್ಮ ಕೇರಿಯ ಪಟ್ಟಿ ನಾನು ಮಾಡುತ್ತೇನೆ. ಓದಲು ಹೊರಗೆ ಹೋದವರ ವಾಟ್ಸಾಪ್ ಗುಂಪು ಹೇಗೂ ಇದೆ, ಅವರನ್ನೇ ಕೇಳುತ್ತೇನೆ. ಬರೆಯಲು ಯಾವ ನಮೂನೆ ಅಂತ ಮೇಷ್ಟ್ರು ಒಂದು ಹಾಳೆಯಲ್ಲಿ ಗೆರೆ ಎಳೆದು ಫೋಟೋ ಹಾಕಿದರೆ ಎಲ್ಲರೂ ಒಂದೇ ಥರ ತುಂಬಬಹುದು, ಅಲ್ವಾ?

ಗಣತಿ ಮೇಷ್ಟ್ರು

ಆಗಲಿ ತಂಗಿ, ನಾಳೆ ಸಂಜೆಯೊಳಗೆ ಹಾಕುತ್ತೇನೆ. ಮಜರೆಯ ಹೆಸರನ್ನು ಮಾತ್ರ ಊರವರು ಕರೆಯುವ ಹಾಗೇ ಬರೆಯಿರಿ, ಪಕ್ಕದಲ್ಲಿ ಪಹಣಿಯಲ್ಲಿರುವ ಕಂದಾಯ ಗ್ರಾಮದ ಹೆಸರು ಇರಲಿ. ಎರಡೂ ಇದ್ದರೆ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ.